ಸಾಕು ಎನ್ನುವ ಗೆರೆಯಿಲ್ಲದ ಗುರಿ

ಹೊಳಲ್ಕೆರೆ ಕಡೆ ಅಡಿಕೆ ಕೊಯ್ಲು ಶುರುವಾಯಿತೆಂದರೆ ಮನೆಯಂಗಳದ ಹೊತ್ತುಗೊತ್ತೆಲ್ಲ ಬದಲಾಗುತ್ತದೆ. ಬೆಳಿಗ್ಗೆ ತೋಟದಲ್ಲಿ ಇಳಿಸಿದ ಹಸಿ ಅಡಿಕೆ ಸಂಜೆಗೆ ಅಂಗಳದಲ್ಲಿ ರಾಶಿ ಬೀಳುತ್ತದೆ. ಹೆಂಗಸರು ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು ಕೂರುತ್ತಾರೆ. ಮೆಟ್ಟುಗತ್ತಿಯ ಅಲುಗಿಗೆ ಕಾಯಿ ಒತ್ತಿ, ಒಂದೆರಡು ತಿರುವಿಗೆ ಸಿಪ್ಪೆ ಬಿಡಿಸಿ, ಒಳಗಿನದನ್ನು ಡಬ್ಬಕ್ಕೆ ಹಾಕುತ್ತಾರೆ. ಕಣ್ಣು ಅಲುಗಿನ ಮೇಲಿಲ್ಲ, ಮಾತಿನ ಮೇಲಿದೆ. ಕೈಗೆ ದಾರಿ ಗೊತ್ತು. ಕೂಲಿ ಕೆಜಿಗಿಷ್ಟು ಎಂದೋ ಡಬ್ಬಕ್ಕಿಷ್ಟು ಎಂದೋ ಮೊದಲೇ ಮಾತಾಗಿರುತ್ತದೆ. ಸುಲಿದದ್ದನ್ನು ತಡಮಾಡದೆ ಹಂಡೆಗೆ ಹಾಕಿ ಚೊಗರಿನಲ್ಲಿ ಬೇಯಿಸಬೇಕು. ತಡವಾದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟ ಮಾಲಿಗೆ ಭೀಮಸಮುದ್ರದ ವ್ಯಾಪಾರಿ ಒಳ್ಳೆಯ ದರ ಕಟ್ಟುವುದಿಲ್ಲ. ಹೀಗಾಗಿ ಇವತ್ತು ಎಷ್ಟು ಕೆಲಸ ಆಗಬೇಕು ಎಂಬುದನ್ನು ಯಾರೂ ಕೂತು ಯೋಚಿಸಬೇಕಿಲ್ಲ. ರಾಶಿಯೇ ಹೇಳುತ್ತದೆ. ರಾಶಿ ಕರಗಿತೋ, ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡು ಮನೆಗೆ ಹೋಗುವುದು.

ಈ ಕೆಲಸವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಕೊಯ್ಲಿನ ಭರಾಟೆಯಲ್ಲಿ ಸುಲಿತ ನಡುರಾತ್ರಿಗೂ ಎಳೆಯುತ್ತದೆ, ಬೆರಳ ಸಂದಿಯಲ್ಲಿ ಗಾಯವಾಗುತ್ತದೆ, ಅಂಗೈಗೆ ಹಿಡಿದ ಕಪ್ಪು ವಾರಗಟ್ಟಲೆ ಬಿಡುವುದಿಲ್ಲ. ಆದರೂ ಇದನ್ನು ಮೊದಲಿಗೆ ಇಟ್ಟದ್ದಕ್ಕೆ ಕಾರಣವಿದೆ. ಮನೆಯಲ್ಲೇ ಕೂತು ದಿನಕ್ಕಿಷ್ಟು ಎಂದು ದುಡಿಯುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಈಗ ಅದೇ ಬೀದಿಗಳಲ್ಲಿ ಲ್ಯಾಪ್‌ಟಾಪ್ ತೆರೆದು ಕೂತವರು ಇಟ್ಟುಕೊಳ್ಳುವ ದಿನದ ಗುರಿಯನ್ನು ಈ ಅಂಗಳದ ಪಕ್ಕದಲ್ಲಿಟ್ಟು ನೋಡಿದರೆ, ಅದರಲ್ಲಿ ಏನಿದೆ, ಏನು ತಪ್ಪಿಹೋಗಿದೆ ಎರಡೂ ಕಾಣುತ್ತವೆ.

2020ರ ಮಾರ್ಚ್ ಕೊನೆಯ ಲಾಕ್‌ಡೌನ್ ಹೊತ್ತಿಗೆ ಬೆಂಗಳೂರಿನಿಂದ ಹಿರಿಯೂರು, ಹೊಸದುರ್ಗ, ಚಿತ್ರದುರ್ಗಕ್ಕೆ ಮರಳಿದ ಹುಡುಗ ಹುಡುಗಿಯರಲ್ಲಿ ಕೆಲವರು ಇಲ್ಲೇ ಉಳಿದರು. ಕೆಲವರು ವಾರದಲ್ಲಿ ಎರಡು ದಿನ ಹೆದ್ದಾರಿಯ ಬಸ್ಸು ಹಿಡಿದು ಆಫೀಸಿಗೆ ಹೋಗಿ ಉಳಿದ ದಿನ ಮನೆಯಿಂದ ದುಡಿಯುತ್ತಾರೆ. ಇವರ ಮೇಜಿನ ಮೇಲೆ, ಮೇಜಿಲ್ಲದವರ ಮೊಬೈಲಿನಲ್ಲಿ, ಒಂದು ಪಟ್ಟಿ ಇರುತ್ತದೆ. ಇಂದು ಇಷ್ಟು ಟಿಕೆಟ್ (ಬಂದ ದೂರು, ಕೋರಿಕೆ) ಕ್ಲೋಸ್ ಮಾಡಬೇಕು, ಈ ವರದಿ ಕಳಿಸಬೇಕು, ಸಂಜೆಯೊಳಗೆ ಆ ಕೋಡ್ ಮುಗಿಯಬೇಕು. ಬೆಳಗಿನ ಸ್ಟ್ಯಾಂಡ್‌ಅಪ್ ಕಾಲ್‌ನಲ್ಲಿ ಅದನ್ನೇ ಎಲ್ಲರೆದುರು ಓದಿ ಹೇಳುವುದು. ಈ ಅಭ್ಯಾಸವನ್ನು ಕಲಿಸುವ ಪುಸ್ತಕಗಳೂ ವೀಡಿಯೊಗಳೂ ಲೆಕ್ಕವಿಲ್ಲದಷ್ಟಿವೆ.

ಮೊದಲು ಒಳ್ಳೆಯದನ್ನು ಹೇಳಬೇಕು, ಏಕೆಂದರೆ ಅದು ನಿಜವಾಗಿಯೂ ಒಳ್ಳೆಯದು. ಆಫೀಸಿನಲ್ಲಿ ಗೋಡೆಯೂ ಗಡಿಯಾರವೂ ಪಕ್ಕದ ಕುರ್ಚಿಯವರೂ ನಮ್ಮನ್ನು ಕೆಲಸದಲ್ಲಿ ಹಿಡಿದಿಡುತ್ತಾರೆ. ಮನೆಯಲ್ಲಿ ಹಿಡಿದಿಡುವಂಥದ್ದು ಏನೂ ಇಲ್ಲ. ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಎಂಬ ಮನೋವಿಜ್ಞಾನಿಗಳು ದಶಕಗಳ ಕಾಲ ಇದನ್ನೇ ಪರೀಕ್ಷಿಸಿ 1990ರಲ್ಲಿ ಪುಸ್ತಕ ಮಾಡಿದರು. ‘ನಿನ್ನ ಕೈಲಾದಷ್ಟು ಮಾಡು’ ಎನ್ನುವುದಕ್ಕಿಂತ ಸ್ಪಷ್ಟವಾದ, ಸ್ವಲ್ಪ ಕಷ್ಟದ ಗುರಿ ಕೊಟ್ಟಾಗ ಜನ ಹೆಚ್ಚು ಕೆಲಸ ಮಾಡುತ್ತಾರೆ ಎಂಬುದು ಅವರ ತೀರ್ಮಾನ. ಇದಕ್ಕೆ ತಕರಾರಿಲ್ಲ. ಬೆಳಿಗ್ಗೆ ಮೂರು ಸಾಲು ಬರೆದಿಟ್ಟವರು ಮಧ್ಯಾಹ್ನ ಊಟವಾದ ಮೇಲೆ ಎಲ್ಲಿಗೆ ಮರಳಬೇಕೆಂದು ಹುಡುಕುವುದಿಲ್ಲ.

ತಕರಾರು ಇರುವುದು ಗುರಿಯ ಮೇಲ್ತುದಿಯಲ್ಲಿ. ಇಷ್ಟಾದರೂ ಆಗಲೇಬೇಕು ಎಂದು ಪಟ್ಟಿ ಹೇಳುತ್ತದೆ. ಇಷ್ಟಾದರೆ ಸಾಕು ಎಂದು ಎಲ್ಲೂ ಹೇಳುವುದಿಲ್ಲ. ಅಡಿಕೆ ರಾಶಿಗೆ ತಳವಿದೆ, ಟಿಕೆಟ್‌ಗಳ ಸಾಲಿಗೆ ತಳವಿಲ್ಲ. ಎಂಟು ಮುಗಿಸಿದ ದಿನ ಒಂಬತ್ತನೆಯದು ತಾನಾಗಿ ಪರದೆಯ ಮೇಲೆ ಬರುತ್ತದೆ, ಮತ್ತು ಎಂಟು ಮುಗಿಸಿದ್ದೇ ಮುಂದಿನ ವಾರದ ಅಳತೆಗೋಲಾಗುತ್ತದೆ. ಇದರ ಬೇರು ಹಳೆಯದು. ಫ್ರೆಡ್ರಿಕ್ ಟೇಲರ್ ಅಮೆರಿಕದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಕಬ್ಬಿಣದ ಗಟ್ಟಿ ಹೊರುವ ಕೂಲಿಗಳ ಅಳತೆ ಹಾಕಿದ. ದಿನಕ್ಕೆ ಹನ್ನೆರಡೂವರೆ ಟನ್ ಹೊರುತ್ತಿದ್ದವನಿಂದ 47 ಟನ್ ಹೊರಿಸಿದೆ ಎಂದು 1911ರ ತನ್ನ ಪುಸ್ತಕದಲ್ಲಿ ಹೆಮ್ಮೆಯಿಂದ ಬರೆದ. ಕೂಲಿ ಏರಿದ್ದು 1.15 ಡಾಲರಿನಿಂದ 1.85ಕ್ಕೆ. ಕೆಲಸ ಸುಮಾರು ನಾಲ್ಕು ಪಟ್ಟು, ಕೂಲಿ ಎರಡು ಪಟ್ಟೂ ಇಲ್ಲ. ಅಲ್ಲಿ ಗಡಿಯಾರ ಹಿಡಿದು ಪಕ್ಕದಲ್ಲಿ ನಿಲ್ಲುವವನಾದರೂ ಬೇರೆಯವನಿದ್ದ. ಮನೆಯಿಂದ ದುಡಿಯುವವರು ಆ ಗಡಿಯಾರವನ್ನೂ ತಮ್ಮ ಕೈಯಲ್ಲೇ ಹಿಡಿದುಕೊಂಡಿದ್ದಾರೆ.

ಮನೆಯಿಂದ ಕೆಲಸ ಮಾಡಿದರೆ ಉತ್ಪಾದನೆ ಹೆಚ್ಚುತ್ತದೆ ಎನ್ನಲು ಎಲ್ಲರೂ ಹೇಳುವ ಒಂದು ಪ್ರಯೋಗವಿದೆ. ಸ್ಟ್ಯಾನ್‌ಫರ್ಡ್‌ನ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯ ಕಾಲ್‌ಸೆಂಟರ್ ನೌಕರರಲ್ಲಿ ಒಂದು ಗುಂಪನ್ನು ಒಂಬತ್ತು ತಿಂಗಳು ಮನೆಯಿಂದ ದುಡಿಸಿ ನೋಡಿದರು. ಫಲಿತಾಂಶ 2015ರಲ್ಲಿ ಅಚ್ಚಾಯಿತು. ಕೆಲಸ ಶೇ 13ರಷ್ಟು ಹೆಚ್ಚಿತು. ಈ ಒಂದು ಅಂಕಿಯನ್ನು ಹಿಡಿದು ಭಾಷಣ ಮಾಡುವವರು ಅದರ ಒಳಗನ್ನು ತೆರೆದು ತೋರಿಸುವುದಿಲ್ಲ. ಆ 13ರಲ್ಲಿ 9ರಷ್ಟು ಬಂದದ್ದು ಬಿಡುವು ಮತ್ತು ಕಾಯಿಲೆ ರಜೆ ಕಡಿಮೆಯಾಗಿ ಹೆಚ್ಚು ನಿಮಿಷ ದುಡಿದದ್ದರಿಂದ. ನಿಮಿಷಕ್ಕೆ ಹೆಚ್ಚು ಕರೆ ತೆಗೆದುಕೊಂಡದ್ದರಿಂದ ಬಂದದ್ದು 4ರಷ್ಟು. ಪ್ರಯೋಗ ಮುಗಿದು ಆಯ್ಕೆ ಕೊಟ್ಟಾಗ ಮನೆಯಿಂದ ದುಡಿದವರಲ್ಲಿ ಅರ್ಧದಷ್ಟು ಜನ ಆಫೀಸಿಗೇ ಮರಳಿದರು. ಮನೆಯ ಒಂಟಿತನ ಅವರಿಗೆ ಸಾಕಾಗಿತ್ತು. ನನಗೆ ಇದೆಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಪ್ರಯೋಗಕ್ಕೆ ಸೇರಲು ಇಟ್ಟಿದ್ದ ಒಂದು ಷರತ್ತು: ಮನೆಯಲ್ಲಿ ಕೆಲಸಕ್ಕೆಂದೇ ಪ್ರತ್ಯೇಕ ಕೋಣೆ ಇರಬೇಕು.

ಹೊಸದುರ್ಗದ ಒಂದು ಸಾಮಾನ್ಯ ಮನೆಗೆ ಬನ್ನಿ. ನಡುಮನೆ, ಅಡುಗೆಮನೆ, ಒಂದು ಮಲಗುವ ಕೋಣೆ. ಕೋಣೆಯಲ್ಲಿ ಮಾವನವರು ಮಲಗಿದ್ದಾರೆ. ಸೊಸೆ ನಡುಮನೆಯ ದಿವಾನಿನ ಮೇಲೆ ದಿಂಬು ಇಟ್ಟು ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದಾಳೆ. ಒಂಬತ್ತೂವರೆಗೆ ಕಾಲ್. ಒಂಬತ್ತು ಇಪ್ಪತ್ತಕ್ಕೆ ನಲ್ಲಿಯಲ್ಲಿ ನೀರು ಬಂತು. ದಿನ ಬಿಟ್ಟು ದಿನ ಬರುವ ನೀರು, ಬಿಟ್ಟರೆ ನಾಳಿದ್ದೇ. ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಡ್ರಮ್ಮಿಗೆ ಪೈಪ್ ಹಾಕುತ್ತಾಳೆ, ಮ್ಯೂಟ್ ತೆಗೆದು ‘ಇಂದು ಎರಡು ಮಾಡ್ಯೂಲ್ ಮುಗಿಸ್ತೀನಿ’ ಎಂದು ಹೇಳಿ ಮತ್ತೆ ಮ್ಯೂಟ್ ಮಾಡುತ್ತಾಳೆ. ಹನ್ನೊಂದಕ್ಕೆ ಕರೆಂಟ್ ಹೋಗುತ್ತದೆ. ವೈಫೈ ಹೋಯಿತು, ಮೊಬೈಲಿನ ಹಾಟ್‌ಸ್ಪಾಟ್ ಸಾಕಾಗದೆ ಮಾಳಿಗೆ ಹತ್ತಬೇಕು. ಮಧ್ಯಾಹ್ನ ನೆಂಟರು ನಾಮಕರಣಕ್ಕೆ ಕರೆಯಲು ಬರುತ್ತಾರೆ. ಮನೆಯಲ್ಲೇ ಇರುವ ಸೊಸೆ ಎದ್ದು ಬಂದು ಕುಂಕುಮ ತೆಗೆದುಕೊಳ್ಳದಿದ್ದರೆ ಹೇಗೆ? ಸಂಜೆ ಪಟ್ಟಿ ನೋಡಿದರೆ ಒಂದೂವರೆ ಮಾಡ್ಯೂಲ್ ಆಗಿದೆ. ಅವಳ ಲೆಕ್ಕದಲ್ಲಿ ಇದು ಸೋತ ದಿನ. ಉಳಿದ ಅರ್ಧ ಮಕ್ಕಳು ಮಲಗಿದ ಮೇಲೆ.

ನಿಜಕ್ಕೂ ಆ ದಿನ ಅವಳು ಮಾಡಿದ ಕೆಲಸವೆಷ್ಟು? ಡ್ರಮ್ಮು ತುಂಬಿದೆ, ಅಡುಗೆಯಾಗಿದೆ, ಮಾವನವರ ಮಾತ್ರೆ ಹೊತ್ತಿಗೆ ಸರಿಯಾಗಿ ಕೊಟ್ಟಾಗಿದೆ, ನೆಂಟರಿಗೆ ಕಾಫಿಯಾಗಿದೆ. ಒಂದೂ ಪಟ್ಟಿಯಲ್ಲಿಲ್ಲ. ದಿನದ ಗುರಿ ಎಂಬ ಈ ಅಭ್ಯಾಸದ ದೊಡ್ಡ ಸುಳ್ಳು ಇಲ್ಲೇ ಇದೆ. ಅದು ಮನೆಯನ್ನು ಖಾಲಿ ಜಾಗ ಎಂದು ಭಾವಿಸುತ್ತದೆ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಬೀಡಿ ಕಟ್ಟುವ ಹೆಂಗಸರಿಗೆ ಇದರ ಇನ್ನೊಂದು ಮುಖ ಗೊತ್ತು. ಅಲ್ಲಿ ಅಳತೆ ಸಾವಿರ ಬೀಡಿ. ಕೂಲಿ ಗೊತ್ತಾಗುವುದು ಸಾವಿರದ ಲೆಕ್ಕದಲ್ಲಿ. ಕೂಲಿ ಲೆಕ್ಕದ ಪುಸ್ತಕದಲ್ಲಿ ಹೆಸರು ತಾಯಿಯದು. ಎಲೆ ಕತ್ತರಿಸುವವಳು ಶಾಲೆಯಿಂದ ಬಂದ ಮಗಳು, ಕಟ್ಟು ಹಾಕುವವಳು ಅತ್ತೆ. ಗುರಿ ಒಬ್ಬರ ಹೆಸರಿನಲ್ಲಿ, ಕೈ ಮೂವರದು. ಐಟಿ ಕೆಲಸದ ಮಗ ‘ಈ ತಿಂಗಳು ಟಾರ್ಗೆಟ್ ದಾಟಿದೆ’ ಎಂದು ಹೇಳುವಾಗಲೂ ಅದರ ಹಿಂದೆ ಟೀವಿ ಹಾಕದೆ ಕೂತ ತಂದೆಯೂ ಮೇಜಿಗೇ ತಟ್ಟೆ ತಂದಿಟ್ಟ ತಾಯಿಯೂ ಇರುತ್ತಾರೆ.

ದಣಿಯದೆ ದುಡಿ ಎನ್ನುವುದಕ್ಕೆ ಈಗ ಕಾಯಕವನ್ನು ಆಸರೆ ಮಾಡಿಕೊಳ್ಳುವುದು ರೂಢಿಯಾಗಿದೆ. ಸಿರಿಗೆರೆ, ಸಾಣೇಹಳ್ಳಿಯಂಥ ಮಠಗಳ ಈ ಜಿಲ್ಲೆಯಲ್ಲಿ ಶರಣರ ಹೆಸರು ದಿನವೂ ಕಿವಿಗೆ ಬೀಳುತ್ತದೆ, ಆದ್ದರಿಂದ ಇದನ್ನು ಸುಮ್ಮನೆ ಬಿಡುವಂತಿಲ್ಲ. ಕಾಯಕವನ್ನೇ ಕೈಲಾಸವೆಂದ ಆ ಪ್ರಸಿದ್ಧ ಮಾತನ್ನು ಬಹುಮಂದಿ ಬಸವಣ್ಣನವರದೆಂದು ತಿಳಿದಿದ್ದಾರೆ. ಅದು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಆ ಮಾರಯ್ಯನ ಮನೆಯಲ್ಲಿ ನಡೆದದ್ದೇನು? ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಸಂತೋಷಪಡಲಿಲ್ಲ. ಇಷ್ಟೊಂದು ನಮಗೇಕೆ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು. ಗುರಿ ಮೀರಿದ ದಿನ ಮನೆಯಲ್ಲಿ ಆದದ್ದು ವಿಚಾರಣೆ! ಆ ಮಾತನ್ನು ಆಫೀಸಿನ ಗೋಡೆಗೆ ತೂಗುಹಾಕುವವರು ಲಕ್ಕಮ್ಮನನ್ನು ಹೊರಗೆ ನಿಲ್ಲಿಸಿದ್ದಾರೆ.

ಇನ್ನೊಬ್ಬ ಶರಣ ಹೊಳಲ್ಕೆರೆ ತಾಲ್ಲೂಕಿನವರಿಗೆ ತೀರ ಹತ್ತಿರದವನು. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುತ್ತಿದ್ದ ನುಲಿಯ ಚಂದಯ್ಯ ಕಲ್ಯಾಣದ ಕ್ರಾಂತಿಯ ನಂತರ ಈ ಕಡೆ ಬಂದು ನುಲೇನೂರಿನಲ್ಲಿ ನೆಲೆಸಿದನೆಂದು ಜನ ನಂಬಿದ್ದಾರೆ. ಊರಿನ ಹೆಸರನ್ನೇ ಅವನ ನುಲಿಗೆ ತಳಕುಹಾಕುತ್ತಾರೆ. ಹುಲ್ಲು ಕೊಯ್ಯುವಾಗ ಲಿಂಗ ಜಾರಿ ಕೆರೆಗೆ ಬಿದ್ದರೂ ಕಾಯಕ ಬಿಟ್ಟು ಹಿಂತಿರುಗಲಿಲ್ಲ ಎಂಬ ಅವನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದರ ಮುಂದಿನ ಭಾಗವನ್ನು ಹೇಳುವವರು ಕಡಿಮೆ. ಶರಣ ಮಡಿವಾಳ ಮಾಚಯ್ಯ ಚಂದಯ್ಯನಿಗೂ ಲಿಂಗಕ್ಕೂ ನಡುವೆ ಬಂದು ರಾಜಿ ಮಾಡಿಸಿದ ಮೇಲೆ ಆ ಲಿಂಗವೇ ಹಗ್ಗ ಮಾರಲು ಹೊರಟಿತು. ಬಸವಣ್ಣನವರು ಹಗ್ಗದ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು ಹೊನ್ನು ಕೊಟ್ಟು ಕಳಿಸಿದರು. ಚಂದಯ್ಯ ಒಪ್ಪಲಿಲ್ಲ. ಹಗ್ಗಕ್ಕೆ ಒಂದು ಬೆಲೆಯಿದೆ, ಅಷ್ಟೇ ತರಬೇಕು ಎಂದು ಹಟ ಹಿಡಿದ. ಕೆಲಸಕ್ಕೂ ಅದರ ಫಲಕ್ಕೂ ಅಳತೆ ತಪ್ಪಬಾರದು ಎಂಬ ಈ ಹಟ ಕಾಯಕದ ಒಳಗಿನದೇ. ಅದನ್ನು ಕಿತ್ತುಹಾಕಿ ದುಡಿತವನ್ನಷ್ಟೇ ಉಳಿಸಿಕೊಂಡರೆ ಸಿಗುವುದು ಟೇಲರನ ಅಂಗಳ.

ಹಾಗಾದರೆ ಬಳಕೆಯಲ್ಲಿರುವ ಪದ್ಧತಿಗಳಲ್ಲಿ ಯಾವುದು ನಮ್ಮ ಮನೆಗಳಿಗೆ ಒಗ್ಗುತ್ತದೆ? ಇಟಲಿಯ ಫ್ರಾನ್ಸೆಸ್ಕೊ ಚಿರಿಲ್ಲೊ ಹುಟ್ಟುಹಾಕಿದ ಪೊಮೊಡೊರೊ, ಅಂದರೆ 25 ನಿಮಿಷ ಕೆಲಸ, 5 ನಿಮಿಷ ಬಿಡುವು, ಓದುವ ಮಕ್ಕಳಿಗೆ ಚೆನ್ನ. ಕರೆಂಟೂ ನೀರೂ ನೆಂಟರೂ ತಮ್ಮದೇ ಹೊತ್ತಿಗೆ ಬರುವ ಮನೆಯಲ್ಲಿ ಅಡ್ಡಿಯಿಲ್ಲದ 25 ನಿಮಿಷ ಬೆಳಗಿನ ಜಾವ ಬಿಟ್ಟರೆ ಸಿಗುವುದಿಲ್ಲ. ಸಿಗದೇ ಹೋದಾಗ ಮನಸ್ಸಿಗೆ ಕಸಿವಿಸಿಯೊಂದೇ ಉಳಿಯುತ್ತದೆ. ನನ್ನ ಮೆಚ್ಚುಗೆ ಚಿಕ್ಕ ಪಟ್ಟಿಗೆ. ಮೂರೇ ಸಾಲು, ಅದರಲ್ಲಿ ಒಂದು ಕಡ್ಡಾಯ. ಮನೆಗೆಲಸದ ದೊಡ್ಡ ಭಾರವೊಂದನ್ನು ಅದೇ ಹಾಳೆಯಲ್ಲಿ ಬರೆಯಬೇಕು, ನೀರಿನ ದಿನವನ್ನು ನೀರಿನ ದಿನವೆಂದೇ. ಎಲ್ಲಕ್ಕಿಂತ ಮೊದಲು ಬರೆಯಬೇಕಾದದ್ದು ಎದ್ದು ಹೋಗುವ ಹೊತ್ತು. ಮೂರನೆಯದು ಮುಗಿದ ಮೇಲೆ ನಾಲ್ಕನೆಯದನ್ನು ಆ ದಿನ ಮುಟ್ಟದಿರುವುದು ಬರೆದಷ್ಟು ಸುಲಭವಲ್ಲ. ಬೇಗ ಮುಗಿಸಿದವರಿಗೆ ಹೆಚ್ಚು ಕೆಲಸ ಬೀಳುವುದು ಕಂಡಿರುವುದರಿಂದ ಜನ ಬೇಗ ಮುಗಿಸಿದ್ದನ್ನೇ ಮುಚ್ಚಿಡುತ್ತಾರೆ. ಆರಕ್ಕೆ ಆದದ್ದನ್ನು ಎಂಟಕ್ಕೆ ಕಳಿಸುತ್ತಾರೆ. ಇದನ್ನು ಕಳ್ಳತನ ಎನ್ನಲು ನನಗೆ ಮನಸ್ಸಿಲ್ಲ. ಪಟ್ಟಿ ಕೊಡದ ಗೆರೆಯನ್ನು ಅವರು ತಾವೇ ಎಳೆದುಕೊಳ್ಳುತ್ತಿದ್ದಾರೆ.

ಈ ಗೆರೆಯನ್ನು ಒಬ್ಬೊಬ್ಬರ ಮನೋಬಲಕ್ಕೆ ಬಿಟ್ಟುಬಿಡುವುದು ಅನ್ಯಾಯ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಹೇಳುತ್ತದೆ. 2024ರ ಜುಲೈನಲ್ಲಿ ಐಟಿ ಕೆಲಸದ ದಿನವನ್ನು 14 ಗಂಟೆಯವರೆಗೂ ಎಳೆಯಲು ಅವಕಾಶ ಕೊಡುವ ಪ್ರಸ್ತಾಪ ಬಂದಾಗ ಐಟಿ ನೌಕರರ ಸಂಘ ಬೀದಿಗಿಳಿದು ವಿರೋಧಿಸಿತು. ಆಫೀಸಿನ ಗಂಟೆಗೆ ಹೀಗೆ ಜಗಳವಾಡಬಹುದು, ಏಕೆಂದರೆ ಅದು ಕಣ್ಣಿಗೆ ಕಾಣುತ್ತದೆ. ಹೊಸದುರ್ಗದ ದಿವಾನಿನ ಮೇಲೆ ರಾತ್ರಿ ಹನ್ನೊಂದಕ್ಕೆ ಮುಗಿಯುವ ಅರ್ಧ ಮಾಡ್ಯೂಲಿಗೆ ಗಂಟೆಯ ಲೆಕ್ಕ ಯಾರೂ ಬರೆಯುವುದಿಲ್ಲ. ಬೀಡಿ ಕಾರ್ಮಿಕರ ವಿಷಯದಲ್ಲಿ 1966ರ ಕೇಂದ್ರ ಕಾಯ್ದೆ ಮನೆಯಲ್ಲಿ ಕೂತು ಕಟ್ಟುವವಳನ್ನೂ ಕಾರ್ಮಿಕಳೆಂದು ಒಪ್ಪಿತ್ತು. ಅಷ್ಟು ಹಿಂದೆಯೇ ಮನೆಯ ಹೊಸಿಲು ದಾಟಲು ಕಾನೂನಿಗೆ ದಾರಿ ಗೊತ್ತಿತ್ತು. ಮನೆಯ ದುಡಿಮೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1996ರ ಒಪ್ಪಂದವನ್ನು ಭಾರತ ಅನುಮೋದಿಸಿಲ್ಲ. ಅನುಮೋದಿಸಬೇಕು. ಹಾಗೆಯೇ ಬೆಳಗಿನ ಕಾಲ್‌ನಲ್ಲಿ ‘ಇಂದು ಏನು ಮುಗಿಸುತ್ತೀರಿ’ ಎಂದು ಕೇಳುವ ತಂಡದ ನಾಯಕರು ‘ಎಷ್ಟು ಹೊತ್ತಿಗೆ ಏಳುತ್ತೀರಿ’ ಎಂದೂ ಕೇಳಬೇಕು, ಕೇಳಿ ಅದನ್ನೂ ಅದೇ ಪಟ್ಟಿಯಲ್ಲಿ ಬರೆದುಕೊಳ್ಳಬೇಕು.