ಹತ್ತು ದಿನದ ಕತ್ತಲು, ಆಮೇಲಿನ ಬೆಳಕು

ಎಳೆತನದಲ್ಲಿ ಸರಿಯಾಗಿ ಬಳಕೆಯಾಗದ ಕಣ್ಣನ್ನು ಮಿದುಳು ಕಡೆಗಣಿಸುವ ದೋಷವೇ ಸೋಮಾರಿ ಕಣ್ಣು. ಅದಕ್ಕೆ ಏಳೆಂಟು ವರ್ಷ ದಾಟಿದ ಮೇಲೆ ಮದ್ದಿಲ್ಲ ಎಂಬ ಮಾತು ಇನ್ನೂ ಸತ್ತಿಲ್ಲ. ಆ ಮಾತಿನ ಬೇರು ಇರುವುದು 1960ರ ದಶಕದಲ್ಲಿ ನರವಿಜ್ಞಾನಿಗಳಾದ ಹ್ಯೂಬೆಲ್ ಮತ್ತು ವೀಸೆಲ್ ಬೆಕ್ಕಿನ ಮರಿಗಳ ಒಂದು ಕಣ್ಣು ಮುಚ್ಚಿ ನಡೆಸಿದ ಪ್ರಯೋಗಗಳಲ್ಲಿ. ಎಳೆತನ ಕಳೆದರೆ ಮಿದುಳು ಆ ಕಣ್ಣನ್ನು ಮತ್ತೆ ಒಪ್ಪಿಕೊಳ್ಳದು ಎಂದೇ ಬಹುತೇಕರು ನಂಬಿದರು.

ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಎಲಿಜಬೆತ್ ಕ್ವಿನ್ಲನ್ ತಂಡ 2007ರಲ್ಲಿ ಈ ನಂಬಿಕೆಯನ್ನು ಅಲುಗಾಡಿಸಿತು. ಒಂದು ಕಣ್ಣು ಸೋತ, ಬೆಳೆದ ಇಲಿಗಳನ್ನು ಹತ್ತು ದಿನ ಕಗ್ಗತ್ತಲಲ್ಲಿಟ್ಟರೆ ಮಿದುಳಿನ ದೃಷ್ಟಿಭಾಗ ಬದಲಾಗಬಲ್ಲಷ್ಟು ಮತ್ತೆ ಮೆತುವಾಗುತ್ತದೆ. 2013ರಲ್ಲಿ ಕೆನಡಾದ ಸಂಶೋಧಕರಾದ ಡಫಿ ಮತ್ತು ಮಿಚೆಲ್ ಬೆಕ್ಕಿನ ಮರಿಗಳಲ್ಲೂ ಚೇತರಿಕೆ ಕಂಡರು. ದೊಡ್ಡ ಕೆಲಸ, ಅನುಮಾನವಿಲ್ಲ. ಆದರೆ ಕತ್ತಲೇ ಕಣ್ಣು ಕೊಟ್ಟಿತು ಎಂದು ಹೊಗಳುವವರ ಮಾತಿಗೆ ನನ್ನ ತಕರಾರಿದೆ. ಇಲಿಗಳಲ್ಲಿ ಕತ್ತಲಿನ ಅವಧಿ ಮುಗಿದ ಮೇಲೆ ಒಳ್ಳೆಯ ಕಣ್ಣನ್ನು ಮುಚ್ಚಿ ಸೋತ ಕಣ್ಣಿಗೆ ಕೆಲಸ ಕೊಟ್ಟಿದ್ದರು. ನರಕೋಶಗಳ ಸುತ್ತ ಗಟ್ಟಿಯಾದ ಬಲೆಯನ್ನು ಸಡಿಲಿಸುವ ಕಿಣ್ವ ಚುರುಕಾಗುವುದೂ ಕತ್ತಲಿನ ನಂತರ ಬೆಳಕು ಬಿದ್ದಾಗಲೇ ಎಂದು ಕ್ವಿನ್ಲನ್ ತಂಡವೇ 2017ರಲ್ಲಿ ತೋರಿಸಿತು. ಪ್ರಯೋಗಾಲಯದ ಕತ್ತಲೂ ಸಾಮಾನ್ಯದ್ದಲ್ಲ. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಗೆ ಇಳಿಯುವವರ ತಲೆಯ ಮೇಲಾದರೂ ದೀಪವಿರುತ್ತದೆ, ಪ್ರಯೋಗಾಲಯದಲ್ಲಿ ಅದೂ ಇಲ್ಲ. ಇದನ್ನು ಓದಿ ಯಾರೂ ಮಗುವನ್ನು ಕೋಣೆಯಲ್ಲಿ ಕೂಡಿಹಾಕಬಾರದು.

ಕತ್ತಲಿಗೆ ಕಾಯಬೇಕಾದ ಅಗತ್ಯವೂ ಇಲ್ಲ. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 13ರಿಂದ 17 ವರ್ಷದ, ಹಿಂದೆ ಚಿಕಿತ್ಸೆಯನ್ನೇ ಕಾಣದ ಮಕ್ಕಳ ಪೈಕಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ಕನ್ನಡಕ ಮತ್ತು ಕಣ್ಣಿನ ಪಟ್ಟಿಯಿಂದಲೇ ದೃಷ್ಟಿ ಸುಧಾರಿಸಿತ್ತು.

ಆದರೆ ಅದಕ್ಕೆ ಮೊದಲು ತೊಂದರೆ ಪತ್ತೆಯಾಗಬೇಕು, ಆಮೇಲೆ ಚಿಕಿತ್ಸೆ ನಿಲ್ಲದೆ ಸಾಗಬೇಕು. ಶಾಲೆಗಳಲ್ಲಿ ನಡೆಯುವ ನಮ್ಮ ಕಣ್ಣಿನ ತಪಾಸಣಾ ಶಿಬಿರಗಳು ಎಡವುವುದು ಇಲ್ಲೇ. ಶಾಲೆಯ ಗೋಡೆಗೆ ಅಕ್ಷರದ ಹಾಳೆ ಅಂಟಿಸುತ್ತಾರೆ. ಹುಡುಗಿ ಬೆರಳು ಬಿಡಿಸಿ ಕಣ್ಣು ಮುಚ್ಚಿಕೊಂಡು, ಸಂದಿಯಿಂದ ಒಳ್ಳೆಯ ಕಣ್ಣಲ್ಲೇ ಓದಿಬಿಡುತ್ತಾಳೆ. ಅಂಗೈಯಿಂದ ಮುಚ್ಚಿಸಿದ್ದರೆ ಅವಳ ತೊಂದರೆ ಅಂದೇ ಸಿಗುತ್ತಿತ್ತು. ತೊಂದರೆ ಪತ್ತೆಯಾದ ಮಗುವಿಗೂ ಒಳ್ಳೆಯ ಕಣ್ಣಿಗೆ ಪಟ್ಟಿಯನ್ನು ತಿಂಗಳುಗಟ್ಟಲೆ ಕಟ್ಟಬೇಕು, ಮತ್ತೆ ಮತ್ತೆ ತೋರಿಸಬೇಕು. ರಾಯಚೂರು ಜಿಲ್ಲೆಯಲ್ಲೇ ಕಾಲುವೆ ನೀರುಂಡ ಸಿಂಧನೂರಿನ ಗದ್ದೆ ಬಯಲಲ್ಲಿ, ಮನೆಮಂದಿ ಊರಲ್ಲೇ ಉಳಿದರೆ, ಅದು ಸಾಧ್ಯವಾದೀತು. ಮಸ್ಕಿ, ಲಿಂಗಸುಗೂರಿನ ಒಣಭೂಮಿಯ ಮನೆಮಂದಿ ಬೆಂಗಳೂರಿಗೆ ಗುಳೆ ಹೋದರೆ ಪಟ್ಟಿಯೂ ನಿಂತಿತು, ತಪಾಸಣೆಯೂ ನಿಂತಿತು. ಎರಡು ಕಣ್ಣಿನ ಅಳತೆ ಬೇರೆ ಬೇರೆ ಬರೆದ, ದಿನಕ್ಕೆ ಎಷ್ಟು ಗಂಟೆ ಪಟ್ಟಿ, ಮುಂದಿನ ತಪಾಸಣೆ ಯಾವಾಗ ಎಂದು ನಮೂದಿಸಿದ ಒಂದು ಚೀಟಿಯನ್ನು ತಾಯಿಯ ಕೈಗಿಟ್ಟರೆ ಬೆಂಗಳೂರಿನಲ್ಲಿ ಕಣ್ಣಿನ ವಿಭಾಗವಿರುವ ಯಾವ ಸರ್ಕಾರಿ ಆಸ್ಪತ್ರೆಯಲ್ಲಾದರೂ ಚಿಕಿತ್ಸೆ ಮುಂದುವರಿಸಬಹುದು.