ತಳಿಯ ಅರ್ಜಿ ಯಾವ ಮೆಟ್ಟಿಲಲ್ಲಿ ನಿಂತಿತು? ನೇಮಕಾತಿ ತಂತ್ರಾಂಶಗಳ ಹೋಲಿಕೆ ಕುರಿತು ಒಂದು ತಕರಾರು

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಾಡಿದ ಮಂಡನೆಯ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಉಳಿಸಿಕೊಳ್ಳಲಾಗಿದೆ.)

ಸ್ಕ್ರೀನ್ ಕಾಣ್ತಿದೆ ಅಂದುಕೊಳ್ತೀನಿ. ಅಧ್ಯಕ್ಷರು ಕೊಟ್ಟಿರೋದು ಇಪ್ಪತ್ತು ನಿಮಿಷ, ಹಾಗಾಗಿ ನೇರ ವಿಷಯಕ್ಕೆ ಬರ್ತೀನಿ.

ಕಂಪನಿಗಳಲ್ಲಿ ಕೆಲಸಕ್ಕೆ ಜನ ತೆಗೆದುಕೊಳ್ಳುವ ತಂಡಗಳು ಬಳಸುವ ಒಂದು ಬಗೆಯ ತಂತ್ರಾಂಶ ಇದೆ. ಉದ್ಯಮದಲ್ಲಿ ಎಲ್ಲರೂ ಎಟಿಎಸ್ ಅಂತಾರೆ. ಅರ್ಜಿದಾರರ ಜಾಡು ಹಿಡಿಯುವ ವ್ಯವಸ್ಥೆ ಅಂತ ಕನ್ನಡದಲ್ಲಿ ಹೇಳಬಹುದು. ಕೆಲಸದ ಜಾಹೀರಾತು ಹೊರಗೆ ಹೋಗುತ್ತದೆ, ಅರ್ಜಿಗಳು ಒಂದು ಕಡೆ ಬಂದು ಬೀಳುತ್ತವೆ. ಪಾರ್ಸರ್ ಎನ್ನುವ ಭಾಗ ರೆಸ್ಯೂಮೆಯನ್ನು ಓದಿ ಹೆಸರು, ಓದು, ಅನುಭವಗಳನ್ನು ಬಿಡಿಸಿ ಬೇರೆ ಬೇರೆ ಖಾನೆಗಳಲ್ಲಿ ತುಂಬುತ್ತದೆ. ಆಮೇಲೆ ಜರಡಿ, ಸಂದರ್ಶನ, ಆಫರ್, ಇಲ್ಲವೇ ಒಂದು ಸಾಲಿನ 'ಕ್ಷಮಿಸಿ' ಮೇಲ್. ಬಹಳ ಸಲ ಆ ಮೇಲೂ ಬರಲ್ಲ.

ಈ ತಂತ್ರಾಂಶಗಳನ್ನು ಹೋಲಿಸುವ ಬರವಣಿಗೆಯೇ ಈಗ ಒಂದು ಪ್ರಕಾರವಾಗಿದೆ. ಚೆನ್ನೈ ಮೂಲದ ಜೋಹೋ ರಿಕ್ರೂಟ್, 2012ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಗ್ರೀನ್‌ಹೌಸ್, ದೊಡ್ಡ ಕಂಪನಿಗಳ ವರ್ಕ್‌ಡೇ, ಅದೇ 2012ರಲ್ಲಿ ಒರಾಕಲ್ ಕೊಂಡುಕೊಂಡ ಟಾಲಿಯೊ, ಹೈದರಾಬಾದಿನ ಡಾರ್ವಿನ್‌ಬಾಕ್ಸ್ ಮತ್ತು ಕೇಕಾ. (ನಮ್ಮ ತಳಿಯಲ್ಲಿ ಗ್ರೀನ್‌ಹೌಸ್ ಅಂದ್ರೆ ಗುಲಾಬಿ ಬೆಳೆಯೋ ಪ್ಲಾಸ್ಟಿಕ್ ಮನೆ. ಆ ಹೆಸರು ಕೇಳಿದಾಗೆಲ್ಲ ನನಗೆ ಮೊದಲು ನೆನಪಾಗೋದು ಅದೇ.) ಈ ಹೋಲಿಕೆಗಳಲ್ಲಿ ಕೋಷ್ಟಕ ಇರುತ್ತೆ, ಟಿಕ್ ಗುರುತು ಇರುತ್ತೆ. ತಿಂಗಳಿಗೆ ಒಬ್ಬ ಬಳಕೆದಾರನಿಗೆ ಎಷ್ಟು ದುಡ್ಡು, ಎಷ್ಟು ಜಾಬ್ ಪೋರ್ಟಲ್‌ಗೆ ಒಂದೇ ಸಲ ಜಾಹೀರಾತು ಹೋಗುತ್ತೆ, ನೇಮಕಾತಿಯ ದಿನಗಳು ಎಷ್ಟು ಕಡಿಮೆಯಾಗುತ್ತವೆ, ಸಂಬಳದ ತಂತ್ರಾಂಶದ ಜೊತೆ ಹೊಂದಿಕೊಳ್ಳುತ್ತಾ, ಇಂಥವೇ ಪ್ರಶ್ನೆಗಳು.

ನನ್ನ ತಕರಾರು ಇಲ್ಲಿಂದ ಶುರು. ಈ ಪ್ರಶ್ನೆಗಳೆಲ್ಲ ಕೊಳ್ಳುವವನ ಪ್ರಶ್ನೆಗಳು. ಅರ್ಜಿ ಹಾಕುವವಳು ಗಿರಾಕಿ ಅಲ್ಲ, ಹಾಗಾಗಿ ಅವಳ ಕಡೆಯಿಂದ ನೋಡಿದ ಒಂದು ಅಡ್ಡಸಾಲೂ ಆ ಕೋಷ್ಟಕಗಳಲ್ಲಿ ಇಲ್ಲ. ಎಷ್ಟು ಬೇಗ ಆರಿಸಬಹುದು ಅಂತ ಅಳೀತಾರೆ. ಯಾರನ್ನು, ಯಾವ ಮೆಟ್ಟಿಲಲ್ಲಿ, ಯಾವ ಕಾರಣಕ್ಕೆ ಕೈಬಿಟ್ಟರು ಅನ್ನೋದನ್ನು ಅಳೆಯಲ್ಲ.

ಹಾಗಾದ್ರೆ ಅಳೆಯೋದು ಹೇಗೆ? ಒಬ್ಬ ಅರ್ಜಿದಾರಳನ್ನು ಕಲ್ಪಿಸಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿ ನೋಡೋಣ. ಇದು ಸಮೀಕ್ಷೆ ಅಲ್ಲ, ಓದುವ ಒಂದು ವಿಧಾನ ಅಷ್ಟೆ. ಅವಳ ಹೆಸರು ಭಾಗ್ಯ ಅಂತ ಇಟ್ಟುಕೊಳ್ಳಿ. ಕೃಷ್ಣಗಿರಿ ಜಿಲ್ಲೆ, ತಳಿಯ ಹತ್ತಿರದ ಹಳ್ಳಿ. ಮನೆಮಾತು ಕನ್ನಡ, ಓದಿದ್ದು ಸರ್ಕಾರಿ ಕನ್ನಡ ಮಾಧ್ಯಮ ಶಾಲೆ, ಆಮೇಲೆ ಪ್ಲಸ್ ಟು, ಐಟಿಐ. ಹೊಸೂರಿನ ಕಡೆ ಒಂದು ಎಲೆಕ್ಟ್ರಾನಿಕ್ಸ್ ಜೋಡಣೆ ಘಟಕದಲ್ಲಿ ಎರಡು ವರ್ಷ ಕೆಲಸ. ಅತ್ತೆಗೆ ಹುಷಾರಿಲ್ಲ ಅಂತ ಹನ್ನೊಂದು ತಿಂಗಳು ಮನೆಯಲ್ಲಿದ್ದಳು. ಈಗ ಆನೇಕಲ್ ತಾಲ್ಲೂಕಿನ ಬೊಮ್ಮಸಂದ್ರದಲ್ಲಿ ಗುಣಮಟ್ಟ ತಪಾಸಣೆಯ ಕೆಲಸಕ್ಕೆ ಅರ್ಜಿ ಹಾಕ್ತಿದ್ದಾಳೆ. ಊರಿನ ಗೆರೆ ದಾಟಿದರೆ ಕರ್ನಾಟಕ. ದಿನಾ ಜನ ಓಡಾಡೋ ದಾರಿ.

ಮೊದಲನೆಯದು ಹೆಸರಿನ ಖಾನೆ. ಫಾರಂನಲ್ಲಿ ಎರಡು ಖಾನೆ, ಮೊದಲ ಹೆಸರು ಮತ್ತು ಕೊನೆಯ ಹೆಸರು, ಎರಡೂ ಕಡ್ಡಾಯ. ನಮ್ಮ ಕಡೆ ಅಡ್ಡಹೆಸರು ಬರೆಯೋ ರೂಢಿ ಇಲ್ಲ, ಅಪ್ಪನ ಹೆಸರಿನ ಮೊದಲ ಅಕ್ಷರ ಅಷ್ಟೆ. ಇವಳು 'ಎಂ' ಅಂತ ಒಂದಕ್ಷರ ಹಾಕಿದರೆ ಕೆಲವು ಫಾರಂಗಳು ಒಪ್ಪಲ್ಲ. ಅಪ್ಪನ ಪೂರ್ತಿ ಹೆಸರು ಹಾಕಿದರೆ ಅಂಕಪಟ್ಟಿಗೆ ತಾಳೆ ಆಗಲ್ಲ. ಇದರ ಮೇಲೆ ಲಿಪಿಯ ತೊಡಕು. ತಮಿಳಿನಲ್ಲಿ ಪ, ಬ, ಭ ಮೂರಕ್ಕೂ ಒಂದೇ ಅಕ್ಷರ; ಕ, ಗ, ಘಗಳಿಗೂ ಒಂದೇ. ಕನ್ನಡದ ಭಾಗ್ಯ ತಮಿಳಿನ ದಾಖಲೆಗೆ ಹೋಗಿ ಅಲ್ಲಿಂದ ಇಂಗ್ಲಿಷಿಗೆ ಬರುವಾಗ ಪಾಕ್ಕಿಯ ಆಗಬಹುದು. ಪಡಿತರ ಚೀಟಿಯಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು. ಎರಡೂ ಅವಳೇ, ಊರಲ್ಲಿ ಯಾರನ್ನು ಕೇಳಿದರೂ ಹೇಳ್ತಾರೆ. ತಂತ್ರಾಂಶ ಊರಿನವರನ್ನು ಕೇಳಲ್ಲ.

ಇದರ ಜೊತೆಗೆ ನಕಲಿ ಅರ್ಜಿ ಹಿಡಿಯುವ ಸೌಲಭ್ಯ. ಹೋಲಿಕೆಯ ಕೋಷ್ಟಕಗಳಲ್ಲಿ ಇದಕ್ಕೆ ಯಾವಾಗಲೂ ಹಸಿರು ಟಿಕ್. ಸಾಮಾನ್ಯವಾಗಿ ಈಮೇಲ್ ಅಥವಾ ಮೊಬೈಲ್ ಸಂಖ್ಯೆ ಒಂದೇ ಇದ್ದರೆ ಎರಡು ಅರ್ಜಿಯನ್ನು ಒಬ್ಬರದ್ದೇ ಅಂತ ತೋರಿಸೋದು ಇದರ ಕೆಲಸ. ಒಂದೇ ಫೋನಿನಲ್ಲಿ ಅಕ್ಕ ತಂಗಿ ಇಬ್ಬರೂ ಅರ್ಜಿ ಹಾಕುವ ಮನೆಗಳು ನಮ್ಮಲ್ಲಿ ಎಷ್ಟಿವೆ ಅಂತ ಇಲ್ಲಿರೋ ಮೇಡಂಗಳಿಗೆ ಗೊತ್ತು. ಕಂಪನಿಗೆ ಅನುಕೂಲ ಅನ್ನಿಸಿದ ಟಿಕ್ ಗುರುತು ಆ ಮನೆಯಲ್ಲಿ ತಂಗಿಯ ಅರ್ಜಿಯನ್ನು ನುಂಗಬಹುದು.

ಎರಡನೆಯದು ರೆಸ್ಯೂಮೆ ಓದುವುದು. ಪಾರ್ಸರ್‌ಗಳು ಮುಖ್ಯವಾಗಿ ಇಂಗ್ಲಿಷ್ ಮತ್ತು ಕೆಲವು ದೊಡ್ಡ ಭಾಷೆಗಳಿಗಾಗಿ ಕಟ್ಟಿದವು. ಭಾಗ್ಯ ಇಂಗ್ಲಿಷಿನಲ್ಲೇ ಮಾಡಿಸಿದಳು ಅನ್ನಿ, ಆದರೆ ಅನುಭವ ಪತ್ರದ ಒಂದು ಪುಟವನ್ನು ಡಿಟಿಪಿ ಅಂಗಡಿಯಲ್ಲಿ ಕನ್ನಡದಲ್ಲಿ ಟೈಪ್ ಮಾಡಿಸಿದ್ದಾಳೆ. ಹಳೆಯ ನುಡಿ, ಬರಹ ಫಾಂಟುಗಳ ಕಥೆ ಭಾಷಾಶಾಸ್ತ್ರದವರಿಗೆ ಗೊತ್ತಿದೆ. ಯುನಿಕೋಡ್‌ಗೆ ಮುಂಚಿನ ಆ ಪದ್ಧತಿಯಲ್ಲಿ ಕಣ್ಣಿಗೆ ಕಾಣೋದು ಕನ್ನಡ, ಕಡತದೊಳಗೆ ಕೂತಿರೋದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಮನುಷ್ಯನಿಗೆ ಅದು ಓದಬಹುದಾದ ಪತ್ರ, ಯಂತ್ರಕ್ಕೆ ಬರೀ ಕಸ. ಅನುಭವದ ಖಾನೆ ಖಾಲಿ ಉಳಿಯುತ್ತದೆ. ಖಾಲಿ ಅಂದ್ರೆ ಅನುಭವ ಸೊನ್ನೆ.

ಮೂರನೆಯದು ಜರಡಿ. ನನ್ನ ಮಟ್ಟಿಗೆ ಚರ್ಚೆ ಆಗಬೇಕಾದ್ದು ಇಲ್ಲೇ. ನಾಕೌಟ್ ಪ್ರಶ್ನೆ ಅಂತ ಒಂದಿದೆ: ಒಂದು ಉತ್ತರ ಹೊಂದದಿದ್ದರೆ ಅರ್ಜಿ ತಾನಾಗೇ ಹೊರಗೆ. 'ಪಿಯುಸಿ ಆಗಿದೆಯಾ?' ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಬೆಂಗಳೂರಿನಲ್ಲಿ ಕೂತು ಫಾರಂ ಮಾಡಿದವರಿಗೆ ಅದು ಸರಳ ಪ್ರಶ್ನೆ. ತಮಿಳುನಾಡಿನಲ್ಲಿ ಪಿಯುಸಿ ಅನ್ನೋ ಪದವೇ ಈಗ ಬಳಕೆಯಲ್ಲಿಲ್ಲ, ಅದು ಪ್ಲಸ್ ಟು, ಕಾಗದದ ಮೇಲೆ ಹೆಚ್‌ಎಸ್‌ಸಿ. ಭಾಗ್ಯ ಪ್ರಾಮಾಣಿಕವಾಗಿ 'ಇಲ್ಲ' ಒತ್ತುತ್ತಾಳೆ. ಅಲ್ಲಿಗೆ ಮುಗೀತು. ರೆಸ್ಯೂಮೆಯಲ್ಲಿ ಪಿಯುಸಿ ಎಂಬ ಪದ ಹುಡುಕುವ ಜರಡಿಗೂ ಇದೇ ಗತಿ.

ಹನ್ನೊಂದು ತಿಂಗಳ ಬಿಡುವಿನ ಕಥೆ ಇನ್ನೂ ದೊಡ್ಡದು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಮತ್ತು ಆಕ್ಸೆಂಚರ್ ಸೇರಿ 2021ರಲ್ಲಿ 'ಕಣ್ಣಿಗೆ ಬೀಳದ ಕೆಲಸಗಾರರು' ಎಂಬ ಅರ್ಥದ ಹೆಸರಿನ ಒಂದು ವರದಿ ತಂದವು. ಅಮೆರಿಕ, ಬ್ರಿಟನ್, ಜರ್ಮನಿಗಳ ಉದ್ಯೋಗದಾತರನ್ನು ಕೇಳಿ ಮಾಡಿದ್ದು. ಮಾನದಂಡಕ್ಕೆ ಅಕ್ಷರಶಃ ಹೊಂದದ ಕಾರಣ ಅರ್ಹರೇ ಜರಡಿಯಲ್ಲಿ ಬಿದ್ದುಹೋಗ್ತಾರೆ ಅಂತ ಅವರಲ್ಲಿ 88% ಮಂದಿ ತಾವೇ ಒಪ್ಪಿದರು. ಆರು ತಿಂಗಳಿಗಿಂತ ಹೆಚ್ಚು ಕೆಲಸದಿಂದ ಹೊರಗಿದ್ದವರನ್ನು ಕಾರಣ ಕೇಳದೆ ತೆಗೆದುಹಾಕುವ ಜರಡಿ ಸುಮಾರು ಅರ್ಧದಷ್ಟು ಕಂಪನಿಗಳಲ್ಲಿತ್ತು. ಆ ದೇಶಗಳ ಮಾತು ನಮಗ್ಯಾಕೆ ಅನ್ನಬಹುದು. ಆದರೆ ತಂತ್ರಾಂಶಗಳ ಅಚ್ಚು ಅಲ್ಲಿಯದೇ. ಅತ್ತೆಯ ಆರೈಕೆ, ಹೆರಿಗೆ, ಬಾಣಂತನ ಇವಕ್ಕೆ ಆ ಅಚ್ಚಿನಲ್ಲಿ ಇರೋ ಹೆಸರು 'ಗ್ಯಾಪ್' ಒಂದೇ. ಹೊಸೂರು–ಕೃಷ್ಣಗಿರಿ ಸುತ್ತ ಹೊಸ ಕಾರ್ಖಾನೆಗಳು ಸಾವಿರಾರು ಹೆಣ್ಣುಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿರುವ ಕಾಲ ಇದು, ಪೋಚಂಪಳ್ಳಿಯ ವಿದ್ಯುತ್ ಸ್ಕೂಟರ್ ಕಾರ್ಖಾನೆ ಪೂರ್ತಿ ಹೆಂಗಸರದೇ ಅಂತ 2021ರಲ್ಲಿ ಘೋಷಣೆ ಆಗಿದ್ದು ನೆನಪಿರಬಹುದು. ಒಮ್ಮೆ ಬಿಟ್ಟವರು ಮತ್ತೆ ಬರೋ ದಾರಿ ಹೇಗಿರುತ್ತೆ ಅನ್ನೋ ಪ್ರಶ್ನೆ ಅದಕ್ಕೇ ಇಲ್ಲಿಗೆ ಸೇರಿದ್ದು.

ನಾಲ್ಕನೆಯದು ರಾಜ್ಯ ಮತ್ತು ಭಾಷೆ. ವಿಳಾಸದಲ್ಲಿ ತಮಿಳುನಾಡು ಅಂತ ಆರಿಸಿದ ತಕ್ಷಣ 'ಸ್ಥಳೀಯ ಅಭ್ಯರ್ಥಿ' ಜರಡಿ ಇದ್ದರೆ ಅವಳು ಹೊರಗೆ, ಮನೆಯಿಂದ ಕೆಲಸದ ಜಾಗ ಎಷ್ಟೇ ಹತ್ತಿರ ಇರಲಿ. 2024ರ ಜುಲೈನಲ್ಲಿ ಕರ್ನಾಟಕ ಸಚಿವ ಸಂಪುಟ ಒಪ್ಪಿ, ಗಲಾಟೆಯಾದ ಮೇಲೆ ತಡೆಹಿಡಿದ ಸ್ಥಳೀಯರ ಉದ್ಯೋಗ ಮಸೂದೆಯಲ್ಲಿ ಸ್ಥಳೀಯ ಅಂದ್ರೆ ಕರ್ನಾಟಕದಲ್ಲಿ ಹುಟ್ಟಿ, 15 ವರ್ಷ ನೆಲೆಸಿ, ಕನ್ನಡ ಓದಲು ಬರೆಯಲು ಬಲ್ಲವರು. ಭಾಗ್ಯಳಿಗೆ ಮೂರನೆಯದು ಚೆನ್ನಾಗಿ ಬರುತ್ತೆ, ಮೊದಲೆರಡು ಇಲ್ಲ. ಇತ್ತ ತಮಿಳುನಾಡಿನಲ್ಲಿ ಸರ್ಕಾರಿ ಕೆಲಸಕ್ಕೆ ತಮಿಳು ಮಾಧ್ಯಮದವರಿಗೆ 20% ಮೀಸಲಾತಿ ಇದೆ, ಅದೂ ಅವಳಿಗೆ ದಕ್ಕಲ್ಲ. 1956ರ ರಾಜ್ಯ ಪುನರ್ವಿಂಗಡಣೆಯ ಗೆರೆ ಹೀಗೆ ಒಂದು ಡ್ರಾಪ್‌ಡೌನ್ ಪಟ್ಟಿಯಾಗಿ ಅವಳ ಮುಂದೆ ನಿಲ್ಲುತ್ತೆ. ಇದನ್ನು ತಂತ್ರಾಂಶದ ತಪ್ಪು ಅನ್ನಲಾರೆ, ನೀತಿ ಮಾಡಿದವರು ಬೇರೆ. ಆದರೆ ಕಾಗದದ ಮೇಲಿದ್ದಾಗ ಒಬ್ಬ ಗುಮಾಸ್ತನ ಹತ್ತಿರ ವಾದ ಮಾಡಬಹುದಿತ್ತು. ಪಟ್ಟಿಯ ಹತ್ತಿರ ವಾದ ಮಾಡೋಕೆ ಬಾಯಿ ಎಲ್ಲಿಡೋದು?

ಈಗ ತಂತ್ರಾಂಶಗಳನ್ನು ಈ ಕಡೆಯಿಂದ ಹೋಲಿಸೋಣ. ಗ್ರೀನ್‌ಹೌಸಿನ ಒಂದು ಗುಣ ನನಗೆ ಇಷ್ಟ. ಸಂದರ್ಶನ ಮಾಡಿದವರು ಮೊದಲೇ ಗೊತ್ತುಮಾಡಿದ ಅಂಶಗಳ ಮೇಲೆ ಅಂಕಪಟ್ಟಿ ತುಂಬಬೇಕು, ತಿರಸ್ಕರಿಸುವಾಗ ಕಾರಣ ದಾಖಲಿಸೋ ವ್ಯವಸ್ಥೆ ಇದೆ. 'ಯಾಕೋ ಸರಿ ಅನ್ನಿಸಲಿಲ್ಲ' ಅನ್ನೋ ಮಾತಿಗೆ ಅಲ್ಲಿ ಜಾಗ ಕಡಿಮೆ. ಆದರೆ ಆ ಕಾರಣ ಕಂಪನಿಯ ಒಳಗೇ ಉಳಿಯುತ್ತೆ. ಜೋಹೋ ರಿಕ್ರೂಟ್‌ನಲ್ಲಿ ಖಾನೆಗಳನ್ನು ಬೇಕಾದ ಹಾಗೆ ಸೇರಿಸಬಹುದು. ಪಿಯುಸಿ ಅಥವಾ ಪ್ಲಸ್ ಟು, ಓದಿನ ಮಾಧ್ಯಮ, ದಾಖಲೆಗಳಲ್ಲಿರುವ ಇತರ ಹೆಸರು, ಎಲ್ಲ ಮಾಡಬಹುದು. ಏಜೆನ್ಸಿಗಳಿಗೇ ಬೇರೆ ಆವೃತ್ತಿ ಇರೋದ್ರಿಂದ ಗುತ್ತಿಗೆದಾರರ ಮೂಲಕ ಜನ ಸೇರುವ ನಮ್ಮ ಕಡೆಗೆ ಅದು ಹೊಂದುತ್ತೆ. ಮಾಡಬಹುದು ಮತ್ತು ಮಾಡ್ತಾರೆ, ಇವೆರಡರ ನಡುವಿನ ಅಂತರ ಮಾತ್ರ ಟಿಕ್ ಗುರುತಿನಲ್ಲಿ ಕಾಣಲ್ಲ. ಪದವಿ ಇಲ್ಲದ ಮಕ್ಕಳಿಗೆ ತಾನೇ ಶಾಲೆ ನಡೆಸಿ ಕೆಲಸ ಕೊಡುವ ಕಂಪನಿ ಅದು. ತನ್ನ ತಂತ್ರಾಂಶದಲ್ಲಿ ಪದವಿಯ ಜರಡಿ ಹಾಕುವ ಗಿರಾಕಿಗೆ ಒಂದು ಎಚ್ಚರಿಕೆಯ ಸಾಲು ತೋರಿಸಿದರೆ ಎಷ್ಟು ಚೆಂದ ಅಂತ ನನಗೆ ಅನ್ನಿಸುತ್ತೆ.

ವರ್ಕ್‌ಡೇ ಮೇಲೆ ಅಮೆರಿಕದಲ್ಲಿ 2023ರಲ್ಲಿ ಮೋಬ್ಲಿ ಎಂಬ ಅರ್ಜಿದಾರರು ಹೂಡಿದ ದಾವೆ ಗಮನಿಸಬೇಕು. ನೂರಕ್ಕೂ ಹೆಚ್ಚು ಕಡೆ ಅರ್ಜಿ ಹಾಕಿ ಎಲ್ಲೆಡೆ ತಿರಸ್ಕೃತರಾದೆ, ಜರಡಿಯಲ್ಲಿ ವಯಸ್ಸು, ಬಣ್ಣ, ಅಂಗವೈಕಲ್ಯದ ತಾರತಮ್ಯ ಇದೆ ಎಂಬುದು ಅವರ ವಾದ. ಕಂಪನಿ ಅದನ್ನು ಅಲ್ಲಗಳೆಯುತ್ತದೆ. ತೀರ್ಪು ಏನೇ ಬರಲಿ, ತಂತ್ರಾಂಶ ಮಾರಿದವರೂ ಉದ್ಯೋಗದಾತರ ಏಜೆಂಟ್ ಆಗಿ ಉತ್ತರ ಕೊಡಬೇಕಾಗಬಹುದು ಎಂಬ ವಾದವನ್ನು 2024ರಲ್ಲಿ ನ್ಯಾಯಾಲಯ ವಿಚಾರಣೆಗೆ ಎತ್ತಿಕೊಂಡಿತು. ನ್ಯೂಯಾರ್ಕ್ ನಗರ 2023ರ ಜುಲೈನಿಂದ ಇಂಥ ಸ್ವಯಂಚಾಲಿತ ಜರಡಿಗಳ ಪಕ್ಷಪಾತ ತಪಾಸಣೆ ಕಡ್ಡಾಯ ಮಾಡಿದೆ. ನಮ್ಮ 2023ರ ವೈಯಕ್ತಿಕ ದತ್ತಾಂಶ ಕಾಯ್ದೆ ನಮ್ಮ ಮಾಹಿತಿಯನ್ನು ತಿದ್ದಿಸುವ ಹಕ್ಕಿನ ಮಾತಾಡುತ್ತೆ, ಯಾಕೆ ತಿರಸ್ಕರಿಸಿದಿರಿ ಅನ್ನೋದಕ್ಕೆ ಉತ್ತರ ಕೊಡಿ ಅನ್ನಲ್ಲ.

ಇನ್ನು ಅಪ್ನಾ. 2019ರಲ್ಲಿ ಶುರುವಾದ ಇದು ಸರಿಯಾದ ಅರ್ಥದಲ್ಲಿ ಎಟಿಎಸ್ ಅಲ್ಲ, ಕೆಲಸ ಹುಡುಕುವ ಆ್ಯಪ್. ಆದರೂ ತರ್ತೀನಿ, ಯಾಕಂದ್ರೆ ಕನ್ನಡದಲ್ಲಿ ಸಿಗುತ್ತೆ, ಫೋನಿನಲ್ಲೇ ವಿವರ ತುಂಬಿ ಹೆಚ್‌ಆರ್ ಜೊತೆ ನೇರ ಮಾತಾಡಬಹುದು. ಭಾಗ್ಯಳಿಗೆ ಪಿಯುಸಿ ಪ್ರಶ್ನೆ ಎದುರಾದರೆ 'ಸಾರ್, ನಮ್ಮಲ್ಲಿ ಪ್ಲಸ್ ಟು ಅಂತಾರೆ' ಅಂತ ಹೇಳೋಕೆ ಒಂದು ಕಿವಿ ಸಿಗುತ್ತೆ. ಆ ಒಂದು ವಾಕ್ಯಕ್ಕೆ ದೊಡ್ಡ ತಂತ್ರಾಂಶಗಳಲ್ಲಿ ಖಾನೆ ಇಲ್ಲ.

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ, ಓದ್ತೀನಿ: "ಹಾಗಾದರೆ ಹಳೆಯ ಪದ್ಧತಿ, ಕಂಟ್ರಾಕ್ಟರ್ ನೋಟ್‌ಬುಕ್ಕೇ ವಾಸಿ ಅಂತೀರಾ?"

ಇಲ್ಲ, ಅನ್ನಲ್ಲ. ನೋಟ್‌ಬುಕ್ಕಿಗೆ ಊರು ಗೊತ್ತು, ಭಾಗ್ಯ ಯಾರ ಮಗಳು ಅಂತ ಗೊತ್ತು. ಯಾವ ಕೇರಿಯವಳು ಅಂತಲೂ ಗೊತ್ತು, ತೊಂದರೆ ಅದೇ. ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ನೆನಪಿಸಿಕೊಳ್ಳಿ. ಪತ್ರಿಕೆಯ ಜಾಹೀರಾತುಗಳಿಗೆ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಲ್ಲಿ ಕಳಿಸಿದರು. ದಲಿತ ಮತ್ತು ಮುಸ್ಲಿಂ ಹೆಸರುಗಳಿಗೆ ಕರೆ ಬಂದದ್ದು ಕಡಿಮೆ. ಆಗ ಜರಡಿ ಹಿಡಿದದ್ದು ಮನುಷ್ಯರ ಕೈ. ಅಮೆಜಾನ್ ಕಂಪನಿ ಹತ್ತು ವರ್ಷದ ರೆಸ್ಯೂಮೆಗಳಿಂದ ಕಲಿಸಿದ ಯಂತ್ರ ಹೆಂಗಸರ ಅರ್ಜಿಗಳ ಅಂಕ ಇಳಿಸಿತು, ಅದನ್ನು ಕೈಬಿಟ್ಟರು ಅಂತ 2018ರಲ್ಲಿ ರಾಯಿಟರ್ಸ್ ವರದಿ ಮಾಡಿತಲ್ಲ, ಆ ಯಂತ್ರ ಕಲಿತದ್ದೂ ಮನುಷ್ಯರ ಕೈಯಿಂದಲೇ. ನೋಟ್‌ಬುಕ್ಕಿನಲ್ಲಿ ಬಿಟ್ಟುಹೋದವರ ಪಟ್ಟಿ ಇರಲ್ಲ. ತಂತ್ರಾಂಶದಲ್ಲಿ ಇರುತ್ತೆ, ಯಾರೂ ತೆಗೆದು ನೋಡಲ್ಲ ಅಷ್ಟೆ. ನನಗೆ ತಂತ್ರಾಂಶದ ಪರ ವಾದ ಉಳಿದಿರೋದು ಈ ಒಂದೇ ಕಾರಣಕ್ಕೆ.

ಇನ್ನೊಂದು ಪ್ರಶ್ನೆ: "ವಿದ್ಯಾರ್ಥಿಗಳಾಗಿ ನಾವು ಏನು ಮಾಡಬಹುದು?" ಕ್ಯಾಂಪಸ್ಸಿಗೆ, ಐಟಿಐಗಳಿಗೆ ಬರುವ ಕಂಪನಿಗಳನ್ನು ಪ್ಲೇಸ್‌ಮೆಂಟ್ ವಿಭಾಗ ಎರಡು ವಿಷಯ ಕೇಳಲಿ. ನಾಕೌಟ್ ಪ್ರಶ್ನೆಗಳನ್ನು ಮೊದಲೇ ತೋರಿಸಿ, ಮೊದಲ ಜರಡಿಯಲ್ಲಿ ಬಿದ್ದವರ ಸಂಖ್ಯೆಯನ್ನು ಕಾರಣದ ಸಮೇತ ಕೊಡಿ. ಹೆಸರು ಬೇಡ, ಸಂಖ್ಯೆ ಸಾಕು. ಗಡಿಭಾಗದ ಕಾಲೇಜುಗಳವರು ಓದಿನ ಮಾಧ್ಯಮ ಮತ್ತು ಬೋರ್ಡ್ ಪ್ರಕಾರ ಆ ಸಂಖ್ಯೆಯನ್ನು ಬಿಡಿಸಿ ಕೇಳಿ. ನುಡಿಯಲ್ಲಿ ಟೈಪ್ ಮಾಡಿಸಿದ ಪ್ರಮಾಣಪತ್ರ ಇದ್ದವರು ಅದನ್ನು ಯುನಿಕೋಡ್‌ಗೆ ಬದಲಿಸಿ ಮತ್ತೆ ಪಿಡಿಎಫ್ ಮಾಡಿಸಿ. ಪರಿವರ್ತಕಗಳು ಉಚಿತವಾಗಿ ಸಿಗ್ತಾವೆ, ಒತ್ತಕ್ಷರಗಳನ್ನು ಮಾತ್ರ ಕಣ್ಣಾರೆ ಒಮ್ಮೆ ನೋಡಿಕೊಳ್ಳಿ. ಸಮಯ ಆಯ್ತು ಅಂತ ಅಧ್ಯಕ್ಷರು ಸನ್ನೆ ಮಾಡ್ತಿದ್ದಾರೆ, ಮುಂದಿನವರಿಗೆ ಬಿಟ್ಟುಕೊಡ್ತೀನಿ.