ಒಮ್ಮೆ ತೂಗಿ ಕೈಬಿಟ್ಟ ನೋವು

ಕ್ಯಾನ್ಸರ್ ಬರಲೆಂದೇ ರೂಪಿಸಿದ ಇಲಿಗೆ 1988ರಲ್ಲಿ ಅಮೆರಿಕ ಪೇಟೆಂಟ್ ಕೊಟ್ಟಿತು. ಹಾರ್ವರ್ಡ್‌ನ ಫಿಲಿಪ್ ಲೆಡರ್ ಮತ್ತು ತಿಮೋತಿ ಸ್ಟುವರ್ಟ್ ಸೃಷ್ಟಿಸಿದ ಈ ‘ಆಂಕೊಮೌಸ್’ನ ಅರ್ಜಿ ಯುರೋಪಿಗೆ ಹೋದಾಗ ಅಲ್ಲಿನ ಪೇಟೆಂಟ್ ಕಚೇರಿ ಬೇರೊಂದು ಪ್ರಶ್ನೆ ಎತ್ತಿಕೊಂಡಿತು: ಪ್ರಾಣಿ ಪಡುವ ನೋವಿಗಿಂತ ಮನುಷ್ಯನಿಗಾಗುವ ಲಾಭ ಹೆಚ್ಚೇ? ಎರಡನ್ನೂ ತೂಗಿ 1992ರಲ್ಲಿ ಮಂಜೂರಾತಿ ನೀಡಿತು. ತಕರಾರುಗಳು ನಡೆದು 2004ರಲ್ಲಿ ಪೇಟೆಂಟಿನ ವ್ಯಾಪ್ತಿ ಇಲಿಗಳಿಗಷ್ಟೇ ಸೀಮಿತವಾಯಿತು. ಕುಲಾಂತರಿ ಪ್ರಾಣಿಗಳನ್ನು ಸಂಶೋಧನೆಗೆ ಬಳಸುವಾಗ ನೈತಿಕ ಸಮಿತಿಗಳು ಇಂದಿಗೂ ಬಹುಮಟ್ಟಿಗೆ ಹಾಕುವುದು ಇದೇ ಲೆಕ್ಕ. ತೂಗುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಒಂದು ತಟ್ಟೆಯಲ್ಲಿರುವುದು ಖಚಿತವಾದ ನೋವು, ಇನ್ನೊಂದರಲ್ಲಿರುವುದು ಬರೀ ಭರವಸೆ. ತೀವ್ರ ನೋವಿನ ಯೋಜನೆಗಳನ್ನು ಮುಗಿದ ಮೇಲೆ ಮತ್ತೆ ಪರಿಶೀಲಿಸಬೇಕೆಂದು ಯುರೋಪಿನ 2010ರ ನಿರ್ದೇಶನ ಹೇಳುವುದೇನೋ ನಿಜ; ಅದು ಒಂದೊಂದು ಯೋಜನೆಯ ಲೆಕ್ಕ. ಹತ್ತಾರು ದೇಶಗಳ ನೂರಾರು ಪ್ರಯೋಗಾಲಯಗಳಲ್ಲಿ ದಶಕಗಟ್ಟಲೆ ಬದುಕಿ ಸಾಯುವ ಒಂದು ತಳಿಯ ಒಟ್ಟು ಲೆಕ್ಕವನ್ನು ಯಾರೂ ಕೇಳುವುದಿಲ್ಲ. ನನ್ನ ಆಕ್ಷೇಪವಿರುವುದು ಅಲ್ಲಿ.

ಎಎಲ್‌ಎಸ್ ಎಂಬ ನರರೋಗದ ಅಧ್ಯಯನಕ್ಕಾಗಿ 1994ರಲ್ಲಿ ರೂಪುಗೊಂಡ ಇಲಿಯನ್ನೇ ನೋಡಿ. ಮನುಷ್ಯರ ಎಸ್‌ಒಡಿ1 ಜೀನ್‌ನ ದೋಷಪೂರಿತ ರೂಪದ ಅನೇಕ ಪ್ರತಿಗಳು ಅದರ ದೇಹದಲ್ಲಿವೆ. ಹುಟ್ಟಿದಾಗ ಚೆನ್ನಾಗಿಯೇ ಇರುತ್ತದೆ. ಮೂರು ತಿಂಗಳ ಹೊತ್ತಿಗೆ ಬಾಲ ಹಿಡಿದೆತ್ತಿದರೆ ಹಿಂಗಾಲು ನಡುಗುತ್ತವೆ; ಮುಂದಿನ ಕೆಲವೇ ವಾರಗಳಲ್ಲಿ ಆ ಕಾಲುಗಳನ್ನು ಎಳೆದುಕೊಂಡು ಸಾಗಬೇಕಾಗುತ್ತದೆ. ಪಕ್ಕಕ್ಕೆ ಮಲಗಿಸಿದಾಗ 30 ಸೆಕೆಂಡಿನೊಳಗೆ ತಾನಾಗಿ ಹೊರಳಿ ಏಳಲಾರದ ದಿನ ಅದನ್ನು ಕೊಲ್ಲುತ್ತಾರೆ. ಈ ಇಲಿಗಳ ಆಯಸ್ಸನ್ನು ಹೆಚ್ಚಿಸಿತೆಂದು ವರದಿಯಾದ ಔಷಧಗಳಲ್ಲಿ ಮಿನೋಸೈಕ್ಲಿನ್ ಒಂದು. 412 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅದನ್ನು ತೆಗೆದುಕೊಂಡವರ ಸ್ಥಿತಿ ತೆಗೆದುಕೊಳ್ಳದವರಿಗಿಂತ ಬೇಗ ಹದಗೆಟ್ಟಿತು. ಮರುವರ್ಷ ಅಮೆರಿಕದ ಎಎಲ್‌ಎಸ್ ಚಿಕಿತ್ಸಾ ಅಭಿವೃದ್ಧಿ ಸಂಸ್ಥೆಯ ವಿಜ್ಞಾನಿಗಳು 70ಕ್ಕೂ ಹೆಚ್ಚು ಔಷಧಗಳನ್ನು 18,000 ಇಲಿಗಳ ಮೇಲೆ ಪರೀಕ್ಷಿಸಿದ ಫಲಿತಾಂಶ ಮುಂದಿಟ್ಟರು. ಹಿಂದೆ ಕಂಡಿದ್ದ ಲಾಭಗಳು ಮರಳಿ ಕಾಣಲಿಲ್ಲ. ಆ ಹಿಂದಿನ ಪ್ರಯೋಗಗಳ ಗುಂಪುಗಳು ತೀರಾ ಚಿಕ್ಕವಿದ್ದವು, ಗಂಡು ಹೆಣ್ಣುಗಳ ವ್ಯತ್ಯಾಸವನ್ನು ಸರಿದೂಗಿಸಿರಲಿಲ್ಲ, ತಲೆಮಾರು ದಾಟುವಾಗ ಕೆಲವು ಇಲಿಗಳಲ್ಲಿ ಜೀನ್ ಪ್ರತಿಗಳೇ ಕಡಿಮೆಯಾಗಿ ಅವು ಔಷಧವಿಲ್ಲದೆಯೂ ಹೆಚ್ಚು ದಿನ ಬದುಕುತ್ತಿದ್ದವು. ಅಂದರೆ ಹಳೆಯ ಪ್ರಯೋಗಗಳಲ್ಲಿ ಸತ್ತ ಇಲಿಗಳಿಂದ ನಂಬಲರ್ಹ ಉತ್ತರ ಸಿಗುವ ಸಾಧ್ಯತೆಯೇ ಕಡಿಮೆಯಿತ್ತು. ಕೆಟ್ಟದಾಗಿ ಯೋಜಿಸಿದ ಪ್ರಯೋಗ ವಿಜ್ಞಾನಕ್ಕಾದ ನಷ್ಟವಷ್ಟೇ ಅಲ್ಲ. ಅಲ್ಲಿ ನೋವಿಗೆ ಇದ್ದ ಏಕೈಕ ಸಮರ್ಥನೆಯೂ ಬಿದ್ದುಹೋಗುತ್ತದೆ.

ಇದಕ್ಕೊಂದು ಬಲವಾದ ಮರುಮಾತಿದೆ. 2023ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟೋಫರ್ಸೆನ್ ಎಂಬ ಔಷಧದ ಹಾದಿ ಸಾಗಿಬಂದದ್ದು ಎಸ್‌ಒಡಿ1 ಇಲಿಗಳ ಮೂಲಕವೇ. ಮೊದಲೇ ಬೇಸತ್ತು ಆ ತಳಿಯನ್ನು ಕೈಬಿಟ್ಟಿದ್ದರೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಟೋಫರ್ಸೆನ್ ಇರುವುದು ಅದೇ ಜೀನ್‌ನಲ್ಲಿ ದೋಷವಿರುವ ರೋಗಿಗಳಿಗೆ, ಅಂದರೆ ಒಟ್ಟು ಎಎಲ್‌ಎಸ್ ರೋಗಿಗಳಲ್ಲಿ ಸುಮಾರು ನೂರಕ್ಕೆ ಇಬ್ಬರಿಗೆ. ಇಲಿಯಲ್ಲಿ ಇಟ್ಟ ದೋಷವೂ ಔಷಧ ತಡೆಯುವ ದೋಷವೂ ಒಂದೇ ಆಗಿದ್ದಲ್ಲಿ ಇಲಿ ನೆರವಾಯಿತು. ಉಳಿದೆಲ್ಲ ರೋಗಿಗಳ ಪ್ರತಿನಿಧಿಯಾಗಿ ಅದನ್ನು ನಿಲ್ಲಿಸಿದಲ್ಲಿ ಪದೇ ಪದೇ ಸೋತಿತು. ಈ ವ್ಯತ್ಯಾಸ ತಿಳಿಯುವುದು ತಳಿಯ ಪೂರ್ತಿ ಚರಿತ್ರೆ ಕಣ್ಣ ಮುಂದಿದ್ದಾಗ ಮಾತ್ರ.

ಪ್ರಾಣಿಯ ನೋವನ್ನು ತೂಗುವ ಹಕ್ಕೇ ನಮಗಿಲ್ಲ ಎನ್ನುವವರೂ ಇದ್ದಾರೆ. ಅವರ ನಿಲುವನ್ನು ಗೌರವಿಸುತ್ತೇನೆ, ಒಪ್ಪಲಾರೆ: ಉಸಿರಾಟದ ಸ್ನಾಯುಗಳೂ ಸೋಲುತ್ತಿರುವ ರೋಗಿಯ ಎದುರು ನಿಂತು ಹುಡುಕಾಟ ನಿಲ್ಲಿಸಿ ಎನ್ನಲು ನನ್ನಿಂದಾಗದು. ಆದರೂ ಆ ರೋಗಿಯ ಹೆಸರು ಹೇಳಿ ಅನುಮತಿ ಪಡೆಯುವವರು ವಿಫಲ ಫಲಿತಾಂಶಗಳನ್ನೂ ಬಹಿರಂಗಪಡಿಸಲೇಬೇಕು. ಆ ದೋಷಪೂರಿತ ಜೀನ್ ಬಾರದೆ ಹುಟ್ಟುವ ಅರ್ಧದಷ್ಟು ಮರಿಗಳಲ್ಲಿ ಎಷ್ಟನ್ನು ಬಳಸದೆಯೇ ಕೊಂದರೆಂಬುದೂ ಆ ಲೆಕ್ಕದಲ್ಲಿ ಬರಬೇಕು. ಸಾಧ್ಯವಿರುವೆಡೆಯೆಲ್ಲ ಪ್ರಾಣಿಪ್ರಯೋಗ ತಪ್ಪಿಸಬೇಕೆಂದು ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೂ ಹೇಳುತ್ತದೆ. ಈ ತಳಿಯಿಂದ ಈವರೆಗೆ ಏನು ತಿಳಿಯಿತು, ಏನು ತಪ್ಪಿತು ಎಂದು ಅರ್ಜಿಯ ಮೊದಲ ಪುಟದಲ್ಲೇ ಕೇಳಲು ಹೊಸ ಕಾನೂನು ಬೇಕಿಲ್ಲ. ನೈತಿಕ ಸಮಿತಿಗಳು ತಮ್ಮ ಮುಂದಿನ ಸಭೆಯಿಂದಲೇ ಕೇಳಬಹುದು.